ನಾಲ್ಕು ಶನಿವಾರ

ಒಂದು ಗೆಲುವು, ಮೂರು ಸೋಲು.
ಮೈಲೋ ಕುಚೆರಾನ ಕ್ಷೌರದಂಗಡಿಯಲ್ಲಿ
ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡವರೆಲ್ಲ ನ್ಯಾಯಾಧೀಶರು.
ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಹಿಸುಕಿದರೆ ಸಾಕಂತೆ;
ಇವರು ನಾಲ್ಕು ಹಿಸುಕಿದ್ದಾರೆ.
ಬೆಂದ ಒಂದನ್ನು ಅದೃಷ್ಟದ ಲೆಕ್ಕಕ್ಕೆ ಬರೆದರು.
"ಒಕ್ಲಹೋಮಾದವನು, ನೆಬ್ರಾಸ್ಕಾದ ಗಾಳಿ ಅವನಿಗೇನು ಗೊತ್ತು?"
"ಇನ್ನೊಂದೇ ಗಜ ಇತ್ತು, ಚೆಂಡು ಒದ್ದು ಕೈಬಿಟ್ಟ, ಹೇಡಿ."
"ಕ್ರಿಸ್‌ಮಸ್ಸಿಗೆ ಇರುವುದಿಲ್ಲ ಬಿಡಿ."

ನನ್ನನ್ನು ಯಾರೂ ಕೇಳುವುದಿಲ್ಲ.
ಅಡೀನ್ ವೋಬೊರಿಲ್ ನಾನು. ಸ್ಟೇಡಿಯಮ್ಮಿನ ಹೊಟ್ಟೆಯೊಳಗೆ,
ಬಾಯ್ಲರ್ ಕೋಣೆಯ ಪಕ್ಕದಲ್ಲಿ, ಇಪ್ಪತ್ತೆರಡು ವರ್ಷದಿಂದ
ಕಾಲೇಜು ಹುಡುಗರ ಬಟ್ಟೆ ಒಗೆಯುವವಳು.
ಈ ಪ್ರೂಯಿಟ್ ನಾನು ಕಂಡ ಐದನೇ ಕೋಚು.
ಸ್ಕೋರು ನೋಡುವುದನ್ನು ಎರಡನೆಯವನ ಕಾಲಕ್ಕೇ ಬಿಟ್ಟೆ.
ಮೂಟೆ ಬಿಚ್ಚಿದರೆ ಸಾಕು.

ಹಿಂದಿನವನು ಗೆಲ್ಲುತ್ತಿದ್ದ. ಒಂಬತ್ತು ಗೆದ್ದ ವರ್ಷ
ಊರೇ ಸೇರಿ ಅವನಿಗೊಂದು ಪಿಕಪ್ ಗಾಡಿ ಕೊಟ್ಟಿತು.
ಆ ವರ್ಷವೂ ಅಭ್ಯಾಸದ ಅರವತ್ತು ಅಂಗಿ
ಹೋದ ಹಾಗೇ ಬರುತ್ತಿದ್ದವು,
ನನ್ನದೇ ಸಾಬೂನಿನ ವಾಸನೆ ಹೊತ್ತು.
ಉಳಿದ ಮೂವತ್ತಕ್ಕೆ ಮಾತ್ರ ಹುಲ್ಲು, ರಕ್ತ,
ಎಷ್ಟು ಉಜ್ಜಿದರೂ ಹೋಗದ ಯಾವುದೋ ಹಳದಿ.
ಇವನು ಬಂದ ಮೇಲೆ ತೊಂಬತ್ತೂ ಕೊಳೆ,
ಮಂಗಳವಾರವೂ ಕೊಳೆ. ಸೊಂಟ ನನ್ನದು.
ಹೊಗಳುತ್ತಿಲ್ಲ, ಲೆಕ್ಕ ಹೇಳಿದೆ.
ನನ್ನನ್ನು ಅರ್ಲೀನ್ ಎಂದು ಕರೆಯುತ್ತಾನೆ. ಎರಡು ಸಲ ತಿದ್ದಿದೆ.

ಮೂರನೇ ಶನಿವಾರ
ಐವತ್ತನಾಲ್ಕರ ಎದೆಯ ಮೇಲೆ ವಾಂತಿ.
ಹಸಿಯಲ್ಲ, ಒಣಗಿತ್ತು; ಮೊದಲರ್ಧದ್ದು.
ಅದರ ಮೇಲೆ ಮಣ್ಣು, ಮಣ್ಣಿನ ಮೇಲೆ ಮತ್ತೆ ಮಣ್ಣು.
ಅಂದರೆ ತಲೆಗೆ ಏಟು ಬಿದ್ದ ಹುಡುಗ
ಯಾರಿಗೂ ಹೇಳದೆ ಕೊನೆಯವರೆಗೆ ಆಡಿದ್ದಾನೆ.
ಅಥವಾ ಹೇಳಿದ್ದಾನೆ.
ಆ 'ಅಥವಾ' ರಾತ್ರಿಯಿಡೀ ಡ್ರಮ್ಮಿನೊಳಗೆ ತಿರುಗಿತು.

ಒಗೆಯಲಿಲ್ಲ.
ಭಾನುವಾರ ಬೆಳಿಗ್ಗೆ, ಚರ್ಚಿಗೆ ಹೊರಟ ಕೋಟಿನಲ್ಲೇ
ಮೆಟ್ಟಿಲು ಹತ್ತಿ ಅವನ ಮೇಜಿನ ಮೇಲೆ ಹರಡಿಟ್ಟೆ,
ಬಾಣ, ವೃತ್ತ, ಕತ್ತರಿ ಗುರುತಿನ ಕಾಗದಗಳು ಮುಚ್ಚುವ ಹಾಗೆ.
ಚೀಟಿ ಬರೆಯಲಿಲ್ಲ. ಬರೆದಿದ್ದರೆ
ಉತ್ತರ ಅರ್ಲೀನಳಿಗೆ ಹೋಗುತ್ತಿತ್ತು.
ಸೋಮವಾರ ಅಂಗಿ ನನ್ನ ಬುಟ್ಟಿಗೆ ಬಂತು, ಮಾತಿಲ್ಲದೆ.
ಒಗೆದೆ. ಮಡಚಿದೆ,
ತೋಳು ಒಳಗೆ, ಅಂಕಿ ಮೇಲೆ.

ನಾಲ್ಕನೆಯದು ಎರಡು ಪಾಯಿಂಟಿನಲ್ಲಿ ಹೋಯಿತು.
ಐವತ್ತನಾಲ್ಕು ನಿಲ್ಲಬೇಕಾದ ಜಾಗದಲ್ಲೇ
ಅಗಳಿಯಿಲ್ಲದ ಬಾಗಿಲು ತಳ್ಳಿದಂತೆ ನುಗ್ಗಿದರಂತೆ ಎದುರಾಳಿಗಳು.
ಕುಚೆರಾ ಕತ್ತರಿ ಎತ್ತಿ ಹಿಡಿದು ಸಾರುತ್ತಿದ್ದ:
ಇದ್ದೊಬ್ಬ ಗಟ್ಟಿ ಹುಡುಗನನ್ನು ಬೆಂಚಿಗೆ ಕೂರಿಸಿದ,
ಏನು ಹಗೆಯೋ!

ಆ ರಾತ್ರಿಯ ಮೂಟೆಯ ತಳದಲ್ಲಿ ಅದಿತ್ತು.
ಹುಲ್ಲಿಲ್ಲ, ಮಣ್ಣಿಲ್ಲ,
ನನ್ನ ಮಡಿಕೆಯ ಗೆರೆ ಕೂಡ ಇನ್ನೂ ಅಳಿಸಿಲ್ಲ.
ಬಲತೋಳಿನ ಅಂಚೊಂದೇ ತೊಯ್ದಿತ್ತು,
ಒಬ್ಬ ಹತ್ತೊಂಬತ್ತರ ಹುಡುಗ ಯಾರೂ ನೋಡದ ಹಾಗೆ
ಮುಖ ಒರೆಸಿಕೊಂಡಷ್ಟು.
ಅಂದು ಮಳೆ ಇರಲಿಲ್ಲ.

ಇಷ್ಟಕ್ಕೇ ಅವನು ಒಳ್ಳೆಯ ಕೋಚೆಂದು ನಾನು ಹೇಳುವುದಿಲ್ಲ.
ಒಂದಗುಳಿನ ಗಾದೆಗೆ ನಾನೂ ಬೀಳಬಾರದು.
ನವೆಂಬರ್ ಬರಲಿ, ನೆಲ ಹೆಪ್ಪುಗಟ್ಟಲಿ,
ಎರಡೇ ಪಾಯಿಂಟು ಬೇಕಾದ ಹೊತ್ತಿನಲ್ಲಿ
ಆ ಹುಡುಗನೇ ಎದುರು ನಿಂತು
"ನನಗೇನೂ ಆಗಿಲ್ಲ ಕೋಚ್" ಎನ್ನಲಿ. ಆಗ ನೋಡೋಣ.

ಅದೊಂದನ್ನೇ ಬೇರೆಯಾಗಿ ತಣ್ಣೀರಿಗೆ ಅದ್ದುತ್ತಿದ್ದೆ.
ಬಾಗಿಲಾಚೆ ಹೆಜ್ಜೆ ನಿಂತಿತು; ಒಳಗೆ ಬರಲಿಲ್ಲ.
"ಅರ್ಲೀನ್, ಅದು ಇನ್ನೆರಡು ವಾರ ಮೇಲಿನ ಹಲಗೆಯಲ್ಲೇ ಇರಲಿ."

ಈ ಸಲ ತಿದ್ದಲಿಲ್ಲ.